ಉಪಕರಣಗಳಿಗೊಂದು ಮನೆ: ಡ್ರಾಯರುಗಳುಳ್ಳ ಬೀರು



ಆರಿದ್ರಾ ಮಳೆ ಚೆನ್ನಾಗಿ ಬಿದ್ದು ನಿಮ್ಮ ರಾಗಿ ಹೊಲ ಹದಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಬೀಜ ಸಿದ್ಧವಿದೆ, ಬಾಡಿಗೆ ಟ್ರ್ಯಾಕ್ಟರೂ ಬಂದು ನಿಂತಿದೆ. ಆದರೆ ಕೂರಿಗೆಯ ಒಂದು ತಾಳಿನ ಬೋಲ್ಟು ಸಡಿಲವಾಗಿದೆ. ಅದಕ್ಕೆ ಹೊಂದುವ ಸ್ಪ್ಯಾನರು ಅಟ್ಟದ ಮೇಲಿದೆಯೋ, ಪಂಪ್‌ಸೆಟ್ ಮನೆಯಲ್ಲಿದೆಯೋ, ಗೋಣಿಚೀಲದ ತಳದಲ್ಲಿದೆಯೋ ಯಾರಿಗೂ ತಿಳಿಯದು. ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಕೆಂಪು ಮಣ್ಣಿನಲ್ಲಿ ಬಿತ್ತನೆಯ ಹದ ಬಹಳ ದಿನ ನಿಲ್ಲುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದೆಂದರೆ, ಪ್ರತಿಯೊಂದು ಉಪಕರಣಕ್ಕೂ ಗೊತ್ತಾದ ಒಂದು ಜಾಗ ಇರಬೇಕು. ಬೇಸಿಗೆಯ ಬಿಡುವಿನಲ್ಲಿ ನೀವೇ ಅಥವಾ ಊರಿನ ಬಡಗಿಯ ನೆರವಿನಿಂದ ಮಾಡಿಕೊಳ್ಳಬಹುದಾದ ಒಂದು ಬೀರುವಿನ ವಿವರ ಇಲ್ಲಿದೆ.

ಮರದ ಆಯ್ಕೆ

ಬೀರುವಿನ ಚೌಕಟ್ಟಿಗೆ ನೀರು ತಾಳುವ ದರ್ಜೆಯ 18 ಮಿ.ಮೀ. ಪ್ಲೈವುಡ್ ಅನುಕೂಲ. 8 ಅಡಿ ಉದ್ದ, 4 ಅಡಿ ಅಗಲದ ಒಂದೇ ಹಾಳೆಯಲ್ಲಿ ಚೌಕಟ್ಟಿನ ಐದೂ ಹಲಗೆಗಳು ಹೊರಡುತ್ತವೆ. ಡ್ರಾಯರುಗಳಿಗೆ ನಿಮ್ಮ ತೋಟದ ಹಲಸು, ಬೇವು ಅಥವಾ ಸಿಲ್ವರ್ ಓಕ್ ಸಾಕು. ಆದರೆ ಹಸಿ ಮರವನ್ನು ಎಂದೂ ಬಳಸಬೇಡಿ. ಕೊಯ್ಸಿದ ಹಲಗೆಗಳ ನಡುವೆ ರಿಪೀಸು ಇಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ ಒಣಗಿಸಿರಿ. ಒಂದು ಸಣ್ಣ ತುಂಡನ್ನು ವಾರಕ್ಕೊಮ್ಮೆ ತೂಗಿ ನೋಡಿರಿ. ತೂಕ ಇಳಿಯುವುದು ನಿಂತರೆ ಹಲಗೆ ಒಣಗಿದೆ ಎಂದು ತಿಳಿಯಬಹುದು.

ಅಳತೆ

ಚೌಕಟ್ಟು 75 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳ ಇರಲಿ. ನಡುವೆ ಒಂದು ಹಲಗೆ ನಿಲ್ಲಿಸಿ ಎರಡು ಸಾಲು ಮಾಡಿರಿ. ಆಗ ಪ್ರತಿ ಸಾಲಿನ ಒಳ ಅಗಲ 348 ಮಿ.ಮೀ. ಆಗುತ್ತದೆ. ಅಗಲವಾದ ಒಂದೇ ಸಾಲು ಏಕೆ ಬೇಡ ಎಂದು ನೀವು ಕೇಳಬಹುದು. ಆಳಕ್ಕಿಂತ ಅಗಲ ಹೆಚ್ಚಾದ ಡ್ರಾಯರನ್ನು ಒಂದು ಕೈಯಿಂದ ಎಳೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅಗಲ ಕಡಿಮೆ, ಆಳ ಹೆಚ್ಚು ಇದ್ದರೆ ನೇರವಾಗಿ ಬರುತ್ತದೆ.

ಪ್ರತಿ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 100, 130, 180 ಮತ್ತು 250 ಮಿ.ಮೀ. ಎತ್ತರದ ನಾಲ್ಕು ಖಾನೆಗಳು ಬರಲಿ. ಖಾನೆಗಳ ನಡುವೆ ಎರಡೂ ಪಕ್ಕಗಳಿಗೆ 18 ಮಿ.ಮೀ. ದಪ್ಪ, 30 ಮಿ.ಮೀ. ಅಗಲದ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂಡಿಸಿರಿ. ಡ್ರಾಯರು ಈ ಪಟ್ಟಿಗಳ ಮೇಲೆ ಓಡಾಡುತ್ತದೆ. ಮುಂಭಾಗದಲ್ಲಿಯೂ ಅದೇ ದಪ್ಪದ ಅಡ್ಡಪಟ್ಟಿ ಹಾಕಿದರೆ ಧೂಳು ಮತ್ತು ಇಲಿ ಒಳಗೆ ನುಗ್ಗುವುದು ಕಡಿಮೆ.

ಡ್ರಾಯರು ಕೂಡಿಸುವುದು

ಮುಂದಿನ ಹಲಗೆ 18 ಮಿ.ಮೀ., ಪಕ್ಕದ ಹಾಗೂ ಹಿಂದಿನ ಹಲಗೆ 12 ಮಿ.ಮೀ., ತಳ 6 ಮಿ.ಮೀ. ಪ್ಲೈವುಡ್ ಇರಲಿ. ತಳವನ್ನು ಕೆಳಗಿನಿಂದ ಮೊಳೆ ಹೊಡೆದು ಕೂಡಿಸಬೇಡಿ. ಭಾರಕ್ಕೆ ಮೊಳೆ ಕಿತ್ತು ಬರುತ್ತದೆ. ಮುಂದಿನ ಮತ್ತು ಪಕ್ಕದ ಹಲಗೆಗಳಲ್ಲಿ ಕೆಳ ಅಂಚಿನಿಂದ 10 ಮಿ.ಮೀ. ಮೇಲೆ ಗಾಡಿ ಕೊರೆದು, ತಳವನ್ನು ಹಿಂದಿನಿಂದ ಅದರೊಳಕ್ಕೆ ತೂರಿಸಿರಿ. ಪಕ್ಕದ ಹಲಗೆಯನ್ನು ಮುಂದಿನ ಹಲಗೆಗೆ ಸೇರಿಸುವಾಗ ಮೊಳೆಯನ್ನು ಪಕ್ಕದಿಂದ ಹೊಡೆಯಿರಿ, ಮುಂದಿನಿಂದ ಬೇಡ. ಮುಂದಿನಿಂದ ಹೊಡೆದ ಮೊಳೆ, ಡ್ರಾಯರನ್ನು ಎಳೆದೆಳೆದು ಸಡಿಲವಾಗಿ ಹಿಡಿಯ ಜೊತೆಗೆ ಕೈಗೇ ಬರುತ್ತದೆ.

ಮರವು ಮಳೆಗಾಲದಲ್ಲಿ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಅಲ್ಪ, ಅಡ್ಡಕ್ಕೆ ಹೆಚ್ಚು. ಆದ್ದರಿಂದ ಡ್ರಾಯರಿನ ಎತ್ತರವನ್ನು ಖಾನೆಗಿಂತ 3 ಮಿ.ಮೀ. ಕಡಿಮೆ ಮಾಡಿ. ಅಗಲ 345 ಮಿ.ಮೀ. ಇದ್ದರೆ ಎರಡೂ ಪಕ್ಕಕ್ಕೆ ಒಂದೂವರೆ ಮಿ.ಮೀ. ಬಿಡುವು ಸಿಗುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಡ್ರಾಯರು ಶ್ರಾವಣದಲ್ಲಿ ಅಲ್ಲಾಡುವುದಿಲ್ಲ! ಓಡಾಡುವ ಪಟ್ಟಿಗೆ ಮೇಣದ ಬತ್ತಿ ಉಜ್ಜಿರಿ. ಎಣ್ಣೆ ಹಚ್ಚಿದರೆ ಧೂಳು ಕೂತು ಅಂಟಾಗುತ್ತದೆ.

ಯಾವುದು ಎಲ್ಲಿ?

ಮೇಲಿನ ಡ್ರಾಯರುಗಳಲ್ಲಿ ಟೇಪು, ನಟ್ಟು, ಬೋಲ್ಟು, ವಾಷರು, ಕಾಟರ್ ಪಿನ್ನುಗಳಿರಲಿ. ತೆಳು ಪಟ್ಟಿಗಳಿಂದ ಸಣ್ಣ ಮನೆಗಳನ್ನು ಮಾಡಿದರೆ ಬೆರೆಯುವುದಿಲ್ಲ. ಎರಡನೆಯದರಲ್ಲಿ ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರು. ಮೂರನೆಯದರಲ್ಲಿ ಸುತ್ತಿಗೆ, ಅರ, ಉಳಿ. ಕೆಳಗಿನದರಲ್ಲಿ ಕುಂಟೆಯ ಕುಡ, ಸರಪಳಿ, ಪಂಪ್‌ಸೆಟ್ಟಿನ ಬಿಡಿಭಾಗಗಳು. ಭಾರ ಕೆಳಗಿದ್ದರೆ ಬೀರು ಮುಗ್ಗರಿಸುವುದಿಲ್ಲ. ಆದರೂ ಭಾರವಾದ ಎರಡು ಡ್ರಾಯರುಗಳನ್ನು ಒಟ್ಟಿಗೆ ಎಳೆಯಬೇಡಿ. ಪ್ರತಿ ಡ್ರಾಯರಿನ ಮುಂದೆ ಒಳಗಿರುವ ವಸ್ತುವಿನ ಹೆಸರು ಬರೆಯಿರಿ. ಓದು ಬಾರದ ಕೆಲಸಗಾರರಿಗಾಗಿ ಪಕ್ಕದಲ್ಲೇ ಅದರ ಚಿತ್ರವನ್ನೂ ಬಿಡಿಸಿರಿ.

ನಿಲ್ಲಿಸುವ ಜಾಗ

ನೆಲಕ್ಕೆ ತಾಗಿಸದೆ 15 ಸೆಂ.ಮೀ. ಎತ್ತರದ ಇಟ್ಟಿಗೆ ಕಟ್ಟೆಯ ಮೇಲೆ, ಗೋಡೆಯಿಂದ ಅರ್ಧ ಗೇಣು ದೂರ ನಿಲ್ಲಿಸಿರಿ. ಆಗ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಏರಿದರೆ ನಿಮ್ಮ ಕಣ್ಣಿಗೆ ಬೀಳುತ್ತದೆ. ರಸಗೊಬ್ಬರದ ಮೂಟೆಗಳನ್ನು ಪಕ್ಕದಲ್ಲಿ ಇಡಬೇಡಿ. ಅವು ತೇವ ಹೀರುತ್ತವೆ, ಅವುಗಳ ಲವಣ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕೆಲಸ ಮುಗಿದ ಸಂಜೆ ಉಪಕರಣಗಳ ಮಣ್ಣು ಒರೆಸಿ, ಎಣ್ಣೆ ಬಟ್ಟೆಯಿಂದ ಸವರಿ ಒಳಗಿಡಿ.

ಒಂದು ಮುಖ್ಯ ಎಚ್ಚರಿಕೆ

ಕೀಟನಾಶಕದ ಸೀಸೆಯನ್ನಾಗಲಿ, ಔಷಧಿ ಸಿಂಪಡಿಸುವ ಪಂಪಿನ ನಾಜಲನ್ನಾಗಲಿ ಈ ಬೀರುವಿನಲ್ಲಿ ಇಡಲೇಬೇಡಿ. ಮೊಳೆ ತರಲೆಂದು ನೀವು ಕಳಿಸಿದ ಮಗುವೇ ಆ ಡ್ರಾಯರನ್ನು ಎಳೆಯುತ್ತದೆ. ವಿಷಕ್ಕೆ ಬೇರೆ ಪೆಟ್ಟಿಗೆ, ಅದಕ್ಕೆ ಬೀಗ, ಬೀಗದ ಕೈ ನಿಮ್ಮ ಬಳಿ ಇರಲಿ. ಉಳಿಯಂಥ ಹರಿತವಾದ ಉಪಕರಣಗಳ ಬಾಯಿಗೆ ಹಳೆಯ ರಬ್ಬರ್ ಕೊಳವೆಯ ತುಂಡು ತೊಡಿಸಿ, ಬಾಯಿ ಹಿಂದಕ್ಕೆ ಬರುವಂತೆ ಇಡಿ.

ಬೀರು ಮಾಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೆಗೆದ ವಸ್ತುವನ್ನು ತೆಗೆದ ಜಾಗದಲ್ಲೇ ಇಡುವ ರೂಢಿ ಮನೆಯವರಿಗೆಲ್ಲ ಬರಬೇಕು. ಮುಂದಿನ ಮುಂಗಾರಿನಲ್ಲಿ ಹೊಲ ಹದಕ್ಕೆ ಬಂದ ಬೆಳಗ್ಗೆ ನಿಮ್ಮ ಕೈ ನೇರವಾಗಿ ಎರಡನೆಯ ಡ್ರಾಯರಿಗೆ ಹೋದರೆ, ಬೀರುವಿಗೆ ಹಾಕಿದ ಹಣ ಅಂದೇ ಹಿಂದಿರುಗಿದಂತೆ.