ಸೀಟ್ ಕವರ್ ಅಡಿಯ ಸುರಕ್ಷತೆ

ಬಿ.ಸಿ.ರೋಡಿನಿಂದ ಹೊರಟ ಕಾರು ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ, ಬೆಳ್ತಂಗಡಿ, ಉಜಿರೆ ಹಾದು ಚಾರ್ಮಾಡಿ ಘಾಟಿ ಹತ್ತುವಷ್ಟರಲ್ಲಿ ನಾಲ್ಕೈದು ಬಗೆಯ ರಸ್ತೆಗಳನ್ನು ಕಂಡಿರುತ್ತದೆ. ಅಗಲಗೊಂಡು ಬಿಳಿ ಗೆರೆ ಎಳೆಸಿಕೊಂಡ ಡಾಂಬರು, ಕಾಮಗಾರಿಗೆಂದು ಅಗೆದ ಕೆಂಪು ಮಣ್ಣಿನ ಅಂಚು, ಪೇಟೆಯ ನಡುವೆ ಹಠಾತ್ತನೆ ನಿಲ್ಲುವ ಸರ್ವಿಸ್ ಬಸ್ಸು, ಅಡಕೆ ತೋಟದ ಗೇಟಿನಿಂದ ನೇರ ಹೆದ್ದಾರಿಗೇ ಇಳಿಯುವ ಜೀಪು, ಕೊನೆಗೆ ಮಂಜು ಮುಸುಕಿದ ಹೇರ್‌ಪಿನ್ ತಿರುವು. ಬಂಟ್ವಾಳದಿಂದ ಸಿದ್ದಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವವರ ಅನುಭವವೂ ಇದಕ್ಕಿಂತ ಬೇರೆಯಲ್ಲ. ಅಲ್ಲಿ ಘಾಟಿ ಇಲ್ಲ, ಆದರೆ ಗುಡ್ಡ ಬಳಸಿ ಸಾಗುವ ತಿರುವುಗಳಿಗೆ ಕೊರತೆಯಿಲ್ಲ. ಈ ಎಲ್ಲದರ ಮೇಲೆ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ.

ಇದೇ ಊರುಗಳ ಮನೆಯಂಗಳಗಳಿಗೆ ಈಗ ಬರುತ್ತಿರುವ ಅನೇಕ ಹೊಸ ಕಾರುಗಳಲ್ಲಿ ಆರು ಏರ್‌ಬ್ಯಾಗ್‌ಗಳಿವೆ, ಕೆಲವದರಲ್ಲಿ ಗಾಜಿನ ಹಿಂದೆ ಕುಳಿತು ರಸ್ತೆ ನೋಡುವ ಕ್ಯಾಮೆರಾ ಇದೆ, ಚಾಲಕರು ತಡಮಾಡಿದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯಿದೆ. ಕಾರು ಕೊಳ್ಳುವ ಕುಟುಂಬಗಳಲ್ಲಿ ಈ ಬಗ್ಗೆ ಎರಡು ಮಾತು ಕೇಳಿಬರುತ್ತದೆ. ಇಷ್ಟೆಲ್ಲ ಇದ್ದರೆ ಜೀವಕ್ಕೆ ಅಪಾಯವಿಲ್ಲ ಎಂಬುದು ಒಂದು. ನಮ್ಮ ರಸ್ತೆಗೆ ಇದೆಲ್ಲ ದಂಡ, ಕೈ ಪಳಗಿದ್ದರೆ ಸಾಕು ಎಂಬುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ.

ತಡವಾಗಿ ಬಂದ ನಿಯಮಗಳು

ಇಂದು ನಾವು ಬಳಸುವ ಮೂರು ಬಿಂದುಗಳ ಸೀಟ್ ಬೆಲ್ಟ್ ಸ್ವೀಡನ್ನಿನ ಕಾರುಗಳಲ್ಲಿ ಕಾಣಿಸಿಕೊಂಡದ್ದು 1959ರಲ್ಲಿ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಜರ್ಮನಿಯ ದುಬಾರಿ ಕಾರೊಂದರ ಮೂಲಕ ಮಾರುಕಟ್ಟೆಗೆ ಬಂತು. ಭಾರತದಲ್ಲಿ ಮುಂದಿನ ಆಸನಗಳಿಗೆ ಬೆಲ್ಟ್ ಅಳವಡಿಸುವುದು ಕಡ್ಡಾಯವಾದದ್ದು 1994ರಲ್ಲಿ, ಹಿಂದಿನ ಆಸನಗಳಿಗೆ 2002ರಲ್ಲಿ. 2014ರ ಜನವರಿಯಲ್ಲಿ ನಮ್ಮಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದ ಅಂತರರಾಷ್ಟ್ರೀಯ ಸಂಸ್ಥೆಯೊಂದು, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ ಕೊಟ್ಟಿತು. ದೇಶದ ಗಮನ ಈ ಕಡೆ ತಿರುಗಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ.

ನಂತರ ನಿಯಮಗಳು ಬೇಗಬೇಗ ಬಂದವು. ಡಿಕ್ಕಿ ಪರೀಕ್ಷೆಯ ಮಾನದಂಡ 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೂ 2019ರ ಅಕ್ಟೋಬರ್‌ನಿಂದ ಎಲ್ಲ ಕಾರುಗಳಿಗೂ ಅನ್ವಯವಾಯಿತು. 2019ರ ಏಪ್ರಿಲ್‌ನಲ್ಲಿ ಎಬಿಎಸ್, ಅದೇ ವರ್ಷದ ಜುಲೈಯಲ್ಲಿ ಚಾಲಕರ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಸದ್ದು, ವೇಗದ ಎಚ್ಚರಿಕೆ ಮತ್ತು ಹಿಂಬದಿಯ ಸೆನ್ಸರ್ ಕಡ್ಡಾಯವಾದವು. 2023ರ ಅಕ್ಟೋಬರ್‌ನಿಂದ ದೇಶದ್ದೇ ಆದ ನಕ್ಷತ್ರ ಶ್ರೇಣಿ ಜಾರಿಗೆ ಬಂತು. ಅಂದರೆ 2019ಕ್ಕೂ ಮೊದಲಿನ ಕಾರು ಓಡಿಸುವವರ ಬಳಿ ಇವುಗಳಲ್ಲಿ ಅರ್ಧದಷ್ಟೂ ಇಲ್ಲದಿರಬಹುದು. ಹಳೆಯ ಕಾರು ಕೊಳ್ಳುವವರು ಓಡಿದ ಕಿಲೋಮೀಟರ್ ನೋಡುತ್ತಾರೆ, ತಯಾರಾದ ವರ್ಷವನ್ನು ಈ ಕಾರಣಕ್ಕಾಗಿ ನೋಡುವವರು ಕಡಿಮೆ.

ರಸ್ತೆ ಹೇಗಿದ್ದರೂ ನೆರವಾಗುವಂಥವು

ಸುರಕ್ಷತಾ ಸಾಧನಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಗೊಂದಲ ಹುಟ್ಟುತ್ತದೆ. ಕೆಲವು ಸಾಧನಗಳು ಕಾರಿನ ಚಲನೆಯನ್ನಷ್ಟೇ ಗಮನಿಸುತ್ತವೆ. ಅವಕ್ಕೆ ರಸ್ತೆಯ ಗೆರೆ ಬೇಕಿಲ್ಲ, ಬೆಳಕು ಬೇಕಿಲ್ಲ. ಎಬಿಎಸ್ ಅಂಥದ್ದು. ನೀರು ನಿಂತ ಡಾಂಬರಿನ ಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅದು ಪ್ರತಿ ಚಕ್ರದ ಬ್ರೇಕನ್ನು ಕ್ಷಣಕ್ಷಣಕ್ಕೆ ಬಿಟ್ಟು ಹಿಡಿದು, ಸ್ಟೇರಿಂಗ್ ತಿರುಗಿಸಲು ಅವಕಾಶ ಉಳಿಸುತ್ತದೆ. ಆಗ ಪೆಡಲ್ ಕಾಲಿನಡಿ ನಡುಗುತ್ತದೆ. ಏನೋ ಕೆಟ್ಟಿತೆಂದು ಭಾವಿಸಿ ಕಾಲು ಸಡಿಲಿಸುವವರಿದ್ದಾರೆ, ಸಡಿಲಿಸಬಾರದು. ಇದರ ಮಿತಿಯನ್ನೂ ತಿಳಿದಿರಬೇಕು. ಕಾಮಗಾರಿ ಸ್ಥಳದ ಸಡಿಲ ಜಲ್ಲಿ, ಮಣ್ಣಿನ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳಬಹುದು. ಟಯರ್ ಸವೆದಿದ್ದರೆ ಯಾವ ಎಲೆಕ್ಟ್ರಾನಿಕ್ಸ್ ಕೂಡ ರಸ್ತೆಯನ್ನು ಹಿಡಿದುಕೊಡಲಾರದು. ಕಾನೂನಿನಂತೆ ಕಾರಿನ ಟಯರಿನ ಗೀರುಗಳು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ನಮ್ಮ ಕಡೆಯ ಜೂನ್-ಜುಲೈ ಮಳೆಗೆ ಆ ಕನಿಷ್ಠವೂ ಸಾಲದು.

ಎಬಿಎಸ್‌ನ ಮುಂದಿನ ಹೆಜ್ಜೆ ಇಎಸ್‌ಸಿ, ಅಂದರೆ ಕಾರು ತಿರುವಿನಲ್ಲಿ ಹಾದಿ ತಪ್ಪಿ ಜಾರತೊಡಗಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಕೊಟ್ಟು ದಿಕ್ಕು ಸರಿಪಡಿಸುವ ವ್ಯವಸ್ಥೆ. ಬೇರೆ ವಾಹನ ತಾಗದೆ ಕಾರೊಂದೇ ನಿಯಂತ್ರಣ ತಪ್ಪುವ ಅಪಘಾತಗಳನ್ನು ಇದು ಸಾಮಾನ್ಯ ಕಾರುಗಳಲ್ಲಿ ಶೇ 34ರಷ್ಟು, ಎಸ್‌ಯುವಿಗಳಲ್ಲಿ ಶೇ 59ರಷ್ಟು ತಗ್ಗಿಸುತ್ತದೆಂದು ಅಮೆರಿಕದ ಸರ್ಕಾರಿ ಅಂದಾಜು ಹೇಳಿತ್ತು. ಅಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಅದು ಕಡ್ಡಾಯ. ಒದ್ದೆ ತಿರುವು, ಒಂದು ಬದಿಗೆ ಪ್ರಪಾತ ಅಥವಾ ತೋಡು ಇರುವ ನಮ್ಮ ಮಾರ್ಗಗಳಿಗೆ ಇದಕ್ಕಿಂತ ಹೊಂದುವ ಸಾಧನ ಇನ್ನೊಂದಿಲ್ಲ. ಆದರೂ ಶೋರೂಮಿನಲ್ಲಿ ಸನ್‌ರೂಫ್ ಬಗ್ಗೆ ನಡೆಯುವಷ್ಟು ವಿಚಾರಣೆ ಇಎಸ್‌ಸಿ ಬಗ್ಗೆ ನಡೆಯುವುದಿಲ್ಲ.

ಹಿಂಬದಿಯ ಸೆನ್ಸರ್, ಕ್ಯಾಮೆರಾಗಳನ್ನು ಕೇವಲ ಪಾರ್ಕಿಂಗ್ ಅನುಕೂಲವೆಂದು ತಿಳಿಯಲಾಗುತ್ತದೆ. ಅಂಗಳದಲ್ಲೇ ಮಕ್ಕಳು ಆಡುವ, ಅಂಗಳದಲ್ಲೇ ಕಾರು ತಿರುಗಿಸುವ ಮನೆಗಳಲ್ಲಿ ಅವು ಜೀವ ಉಳಿಸುವ ಸಾಧನಗಳು.

ಗೆರೆ ಬೇಡುವ ಕ್ಯಾಮೆರಾ

ಅಡಾಸ್ ಎಂದು ಜಾಹೀರಾತಾಗುವ ಚಾಲಕ ನೆರವಿನ ವ್ಯವಸ್ಥೆಗಳ ಸಂಗತಿ ಬೇರೆ. ಅವು ಕ್ಯಾಮೆರಾ, ರಾಡಾರ್ ಮೂಲಕ ಹೊರಗನ್ನು ಓದಬೇಕು. ಗೆರೆ ಸ್ಪಷ್ಟವಾಗಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ, ಉದಾಹರಣೆಗೆ ಬಿ.ಸಿ.ರೋಡಿನಿಂದ ಕಲ್ಲಡ್ಕ, ಮಾಣಿ ಕಡೆಗೆ ಅಗಲಗೊಂಡ ಭಾಗದಲ್ಲಿ, ಅವು ಚೆನ್ನಾಗಿ ಕೆಲಸ ಮಾಡಬಲ್ಲವು. ವೇಣೂರು, ನಾರಾವಿ ಕಡೆಯ ಒಳರಸ್ತೆಗಳಲ್ಲಿ ಪಥ ಕಾಯುವ ವ್ಯವಸ್ಥೆಗೆ ಹಿಡಿದುಕೊಳ್ಳಲು ಗೆರೆಯೇ ಸಿಗದು. ಜೋರು ಮಳೆ, ಘಾಟಿಯ ಮಂಜು, ಗಾಜಿಗೆ ಮೆತ್ತಿದ ಕೆಸರು ಕ್ಯಾಮೆರಾದ ಕಣ್ಣು ಕಟ್ಟುತ್ತವೆ. ಎದುರಿನ ಬಸ್ಸು ಪಕ್ಕ ಸರಿದು ದಾರಿ ಕೊಡುವ ಇಕ್ಕಟ್ಟಿನಲ್ಲಿ ಕಾರು ತಾನಾಗಿ ಬ್ರೇಕ್ ಹಾಕಿದರೆ ಹಿಂದಿನಿಂದ ಬರುವ ಬೈಕ್ ಸವಾರರಿಗೆ ಅದೇ ಅಪಾಯ. ಮುಂದಿನ ಗಾಜು ಒಡೆದರೆ ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಆ ಖರ್ಚನ್ನೂ ಮೊದಲೇ ಲೆಕ್ಕ ಹಾಕಬೇಕು.

ಹಾಗೆಂದು ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ತಳ್ಳಿಹಾಕುವುದು ಸರಿಯಲ್ಲ. ಯುರೋಪ್ ಒಕ್ಕೂಟ 2024ರ ಜುಲೈಯಿಂದ ಅದನ್ನು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದಕ್ಕೆ ಕಾರಣವಿದೆ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಸಿ ಧರ್ಮಸ್ಥಳದ ಬೆಳಗಿನ ದರ್ಶನಕ್ಕೆ ಬರುವವರು, ಬಯಲಾಟ ಅಥವಾ ಕಂಬಳ ಮುಗಿಸಿ ನಸುಕಿನಲ್ಲಿ ಮನೆಗೆ ಮರಳುವವರು ಕಣ್ಣೆಳೆಯುವ ಹೊತ್ತಿನಲ್ಲೇ ಚಕ್ರ ಹಿಡಿದಿರುತ್ತಾರೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಆ ಒಂದು ಸೆಕೆಂಡನ್ನು ಯಂತ್ರ ಕಾಯ್ದರೆ ಅದು ಸಣ್ಣ ಉಪಕಾರವಲ್ಲ.

ಇಲ್ಲಿ ಒಂದು ಹಳೆಯ ಪಾಠವನ್ನೂ ನೆನೆಯಬೇಕು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಎಬಿಎಸ್ ಇದ್ದ ಮತ್ತು ಇಲ್ಲದ ಟ್ಯಾಕ್ಸಿಗಳನ್ನು ಹೋಲಿಸಿದಾಗ ಅಪಘಾತಗಳಲ್ಲಿ ನಿರೀಕ್ಷಿಸಿದ ಇಳಿಕೆ ಕಾಣಲಿಲ್ಲ. ಒಳ್ಳೆಯ ಬ್ರೇಕ್ ಇದೆಯೆಂಬ ಧೈರ್ಯದಲ್ಲಿ ಚಾಲಕರು ಇನ್ನಷ್ಟು ರಭಸದಿಂದ ಓಡಿಸಿದ್ದರು. ನಮ್ಮ ಕಾರುಗಳಲ್ಲಿ ಕಡ್ಡಾಯವಾಗಿರುವ ವೇಗದ ಎಚ್ಚರಿಕೆ ಸದ್ದು ಮಾಡಲು ಶುರುವಾಗುವುದು ಗಂಟೆಗೆ 80 ಕಿ.ಮೀ. ದಾಟಿದ ಮೇಲೆ. ಸಿದ್ದಕಟ್ಟೆಯ ತಿರುವುಗಳಲ್ಲಿ ಆ ಸದ್ದಿಗೆ ಕಾಯುವುದೆಂದರೆ ಅಪಾಯಕ್ಕೆ ಕಾಯುವುದು.

ಬೆಲ್ಟಿನ ಲೆಕ್ಕ, ಕಾರಿನ ಹೊರಗಿನವರ ಲೆಕ್ಕ

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕದಲ್ಲಿ 11,702 ಮಂದಿ. ದೇಶದ ಸಾವುಗಳಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರದ್ದು, ಶೇ 19.5ರಷ್ಟು ಪಾದಚಾರಿಗಳದ್ದು. ಕಾರು, ಟ್ಯಾಕ್ಸಿ, ವ್ಯಾನುಗಳಲ್ಲಿದ್ದವರ ಪಾಲು ಶೇ 12.5. ಕಾರಿನ ಏರ್‌ಬ್ಯಾಗ್ ಎಷ್ಟೇ ಹೆಚ್ಚಿದರೂ ಮೂಡುಬಿದಿರೆಯ ಕಾಲೇಜುಗಳಿಗೆ ಬೈಕಿನಲ್ಲಿ ಬರುವ ವಿದ್ಯಾರ್ಥಿಗೆ, ಗುರುವಾಯನಕೆರೆಯಲ್ಲಿ ಬಸ್ ಇಳಿದು ರಸ್ತೆ ದಾಟುವ ಅಜ್ಜಿಗೆ ಅದರಿಂದ ರಕ್ಷಣೆಯಿಲ್ಲ. ಅವರನ್ನು ಕಾಯುವುದು ಕಾಲುದಾರಿ, ದಾರಿದೀಪ, ಪೇಟೆಯೊಳಗೆ ಇಳಿದ ವೇಗ. ರಸ್ತೆ ಅಗಲವಾದಷ್ಟೂ ಈ ಮೂರಕ್ಕೆ ಸರ್ಕಾರ ಮತ್ತು ಗುತ್ತಿಗೆದಾರರು ಉತ್ತರ ಕೊಡಬೇಕು.

ಅದೇ ವರ್ಷ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಪ್ರಯಾಣಿಕರು. ಆ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ಹೆಸರಾಂತ ಉದ್ಯಮಿಯೊಬ್ಬರು ತೀರಿಕೊಂಡಾಗ ದೇಶವೆಲ್ಲ ಕೆಲವು ವಾರ ಇದನ್ನೇ ಮಾತಾಡಿತು. ಆದರೆ ಬೆಲ್ಟ್ ಹಾಕದೆಯೇ ಎಚ್ಚರಿಕೆಯ ಸದ್ದು ನಿಲ್ಲಿಸುವ ಕ್ಲಿಪ್ಪುಗಳು ಆನ್‌ಲೈನ್ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಲೇ ಇದ್ದವು. 2023ರ ಮೇ ತಿಂಗಳಲ್ಲಿ ಅವುಗಳ ಮಾರಾಟ ತಡೆಯಲು ಸರ್ಕಾರಿ ಆದೇಶವೇ ಬೇಕಾಯಿತು. ಏರ್‌ಬ್ಯಾಗ್ ಬೆಲ್ಟಿಗೆ ಪೂರಕ, ಬದಲಿಯಲ್ಲ. ಬೆಲ್ಟ್ ಇಲ್ಲದೆ ಮುಂದಕ್ಕೆ ಎಸೆಯಲ್ಪಟ್ಟ ದೇಹಕ್ಕೆ ಸೆಕೆಂಡಿನ ಸಣ್ಣ ಪಾಲಿನಲ್ಲಿ ಉಬ್ಬುವ ಏರ್‌ಬ್ಯಾಗೇ ಪೆಟ್ಟು ಕೊಡಬಲ್ಲದು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡ ಮಗುವಿನ ಪಾಲಿಗೆ ಅದು ಮಾರಕ.

ಹೊಸ ಕಾರು ಮನೆಗೆ ಬಂದ ವಾರದಲ್ಲೇ ಅದಕ್ಕೆ ದಪ್ಪ ಸೀಟ್ ಕವರ್ ಹೊದಿಸುವುದು ನಮ್ಮಲ್ಲಿ ರೂಢಿ. ಹಿಂದಿನ ಬೆಲ್ಟಿನ ಬಕಲ್‌ಗಳು ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಸೀಟಿನೊಳಗೇ ಇರುವ ಬದಿಯ ಏರ್‌ಬ್ಯಾಗ್ ಬಿಚ್ಚಿಕೊಳ್ಳಲೂ ಹೊಂದದ ಕವರ್ ಅಡ್ಡಿಯಾಗಬಹುದು. ಮುಂದೆ ಜೋಡಿಸುವ ಉಕ್ಕಿನ ಬುಲ್ ಬಾರ್ ಡಿಕ್ಕಿಯನ್ನು ಗುರುತಿಸುವ ಸೆನ್ಸರ್‌ಗಳ ಕೆಲಸ ಕೆಡಿಸುತ್ತದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಅದನ್ನು ಕಾನೂನುಬಾಹಿರವೆಂದು ಹೇಳಿದ್ದರೂ ಜೀಪುಗಳ ಮೇಲೆ ಇಂದಿಗೂ ಅದು ಕಾಣುತ್ತದೆ. ದುಡ್ಡು ಕೊಟ್ಟು ತಂದ ಸುರಕ್ಷತೆಯನ್ನು ಮತ್ತೆ ದುಡ್ಡು ಕೊಟ್ಟು ಕೆಡಿಸಿಕೊಳ್ಳುವ ಈ ಅಭ್ಯಾಸ ನಿಲ್ಲಬೇಕು.

ತೀರ್ಮಾನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಸಾಮಾನ್ಯ ಚಾಲಕರಿಗೆ ಆಧುನಿಕ ತಂತ್ರಜ್ಞಾನದಿಂದ ಪ್ರಯೋಜನವಿದೆ. ಆದರೆ ಬೆಲೆಪಟ್ಟಿ ಹೇಳುವ ಕ್ರಮದಲ್ಲಿ ಅಲ್ಲ. ಸೀಮಿತ ಹಣವಿದ್ದವರು ಮೊದಲು ಇಎಸ್‌ಸಿ, ಏರ್‌ಬ್ಯಾಗ್ ಮತ್ತು ಗಟ್ಟಿ ಮೈಕಟ್ಟಿನ ಕಾರು ಆರಿಸಿಕೊಳ್ಳುವುದು ಲೇಸು. ಕ್ಯಾಮೆರಾದ ನೆರವು ನಂತರದ ಮಾತು, ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರಿಗೆ ಅದು ಸಾರ್ಥಕ. ಹಳೆಯ ಕಾರು ಇಟ್ಟುಕೊಂಡವರು ಮಳೆಗಾಲಕ್ಕೆ ಮೊದಲು ಟಯರಿಗೆ ಖರ್ಚು ಮಾಡಲಿ. ಮುಂದಿನ ಪ್ರಯಾಣಕ್ಕೆ ಹೊರಡುವ ಮುನ್ನ ಪ್ರತಿಯೊಂದು ಮನೆಯವರೂ ಹಿಂದಿನ ಸೀಟಿನ ಕವರ್ ಎತ್ತಿ, ಅಡಿಯಲ್ಲಿ ಸಿಕ್ಕಿಕೊಂಡ ಬಕಲ್‌ಗಳನ್ನು ಹೊರತೆಗೆದು, ಹಿರಿಯರಿಗೂ ಮಕ್ಕಳಿಗೂ ಬೆಲ್ಟ್ ಹಾಕಿಸಬೇಕೆಂದು ವಿನಂತಿ.