ಕೋಟೆ ಕೊಳ್ಳೆ ಹೋದ ಮೇಲೆ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಜನರಿಗೆ ಮುಂಬಯಿ ದೂರದ ಊರಲ್ಲ. ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಕಾಯುತ್ತ, ಗಂಟಿನ ಮೇಲೆ ತಲೆಯಿಟ್ಟು, ವಿ.ಟಿ. ಸ್ಟೇಷನ್ನಿನ ಆ ದೊಡ್ಡ ಪಡಸಾಲೆಯಲ್ಲಿ ಒಂದು ನಿದ್ದೆ ತೆಗೆದವರು ನಮ್ಮಲ್ಲಿ ಬಹಳ ಮಂದಿ. ಆ ಸ್ಟೇಷನ್ನಿಗೆ ಛತ್ರಪತಿ ಶಿವಾಜಿಯವರ ಹೆಸರು ಬಂದು ವರ್ಷಗಳಾದವು, ಆದರೂ ಬಾಯಲ್ಲಿ ಉಳಿದದ್ದು ವಿ.ಟಿ.ಯೇ. 2008ರ ನವೆಂಬರ್ 26ರ ರಾತ್ರಿ ಅದೇ ಪಡಸಾಲೆಯಲ್ಲಿ ದೂರದೂರಿನ ಗಾಡಿಗೆ ಕಾಯುತ್ತಿದ್ದವರ ಮೇಲೆ ಇಬ್ಬರು ಬಂದೂಕುಧಾರಿಗಳು ಗುಂಡು ಹಾರಿಸಿದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿನಲ್ಲಿ ರೇಲ್ವೆಯ ಉದ್ಘೋಷಕರೊಬ್ಬರು ತಮ್ಮ ಕೋಣೆ ಬಿಟ್ಟು ಓಡಲಿಲ್ಲ. ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳುತ್ತ ಎಷ್ಟೋ ಜನರನ್ನು ಉಳಿಸಿದರು. ಮೈಕಿನ ಮುಂದೆ ಕೂತಾಗ ನನಗೆ ಅವರ ನೆನಪಾಗುವುದುಂಟು.

ಸಮುದ್ರದ ಮೇಲಿಂದ ಬಂದವರು ಹತ್ತೇ ಜನ. ನವೆಂಬರ್ 29ರ ಬೆಳಗಿನವರೆಗೆ ಮುಂಬಯಿಯನ್ನು ಹಿಡಿದಿಟ್ಟರು. ಸತ್ತವರು 166 ಮಂದಿ. ಇಂಥದೊಂದು ದಾಳಿಯಾದ ಮೇಲೆ ಸರಕಾರ ಏನು ಮಾಡಿತು, ಅದು ಸರಿಯೋ ತಪ್ಪೋ ಎಂದು ನಾವು ನೀವು ಹೇಗೆ ತೂಗಿ ನೋಡಬೇಕು ಎಂಬುದು ಇಂದಿನ ಮಾತು.

ಗುಡಿಯ ಕಟ್ಟೆಯ ಮೇಲೆ ಈ ಚರ್ಚೆ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಒಬ್ಬರು ಮರಾಠಿ ಪೇಪರು ಓದಿ ಬಂದಿರುತ್ತಾರೆ, ಇನ್ನೊಬ್ಬರು ಬಿಜಾಪುರದ ಬೀಗರ ಮನೆಯಲ್ಲಿ ಕನ್ನಡ ಪೇಪರು ಓದಿ ಬಂದಿರುತ್ತಾರೆ. ಒಬ್ಬರು ಸರಕಾರ ಕೈಲಾಗದ್ದು ಎನ್ನುತ್ತಾರೆ, ಇನ್ನೊಬ್ಬರು ಇಂಥ ಹೊತ್ತಿನಲ್ಲಿ ಸರಕಾರವನ್ನು ಕೇಳುವುದೇ ತಪ್ಪು ಎನ್ನುತ್ತಾರೆ. ಯಾವ ಪಕ್ಷ ಗದ್ದುಗೆಯ ಮೇಲಿದೆ ಎಂಬುದು ಬದಲಾದರೆ ಇವರಿಬ್ಬರೂ ಮಾತು ಅದಲುಬದಲು ಮಾಡಿಕೊಳ್ಳುತ್ತಾರೆ. ಅದು ತೂಗುವ ರೀತಿಯಲ್ಲ. ಹಾಗಾದರೆ ಹೇಗೆ ತೂಗುವುದು?

ನಮ್ಮ ಹೊಲದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ರೈತ ಉತ್ತರಿ ಮಳೆಗೆ ಹದ ನೋಡಿ ಹಿಂಗಾರಿ ಜೋಳ ಬಿತ್ತಿದ. ಆಮೇಲೆ ಮಳೆ ಕೈಕೊಟ್ಟಿತು, ಬೆಳೆ ಒಣಗಿತು. ಪಕ್ಕದ ಹೊಲದವನು ಹದ ನೋಡದೆ ಒಣ ಮಣ್ಣಿಗೇ ಬೀಜ ಚೆಲ್ಲಿದ. ಅವನ ಅದೃಷ್ಟಕ್ಕೆ ಅಕಾಲದಲ್ಲಿ ಒಂದು ಮಳೆ ಬಿದ್ದು ರಾಶಿ ಬಂತು. ರಾಶಿ ನೋಡಿ ಹೇಳುವುದಾದರೆ ಎರಡನೆಯವನೇ ಜಾಣ. ಆದರೆ ಬರುವ ವರ್ಷ ಬೀಜ ಕಡ ಕೊಡುವ ಪ್ರಸಂಗ ಬಂದರೆ ನಾವು ಕೊಡುವುದು ಮೊದಲನೆಯವನಿಗೆ. ಯಾಕೆಂದರೆ ಬಿತ್ತುವ ದಿನ ಕೈಯಲ್ಲಿ ಏನಿತ್ತು, ಕಣ್ಣಿಗೆ ಏನು ಕಾಣುತ್ತಿತ್ತು ಎಂಬುದನ್ನು ನೋಡಿ ನಾವು ರೈತನ ಬುದ್ಧಿಯನ್ನು ಅಳೆಯುತ್ತೇವೆ. ಸರಕಾರದ ನಿರ್ಧಾರಕ್ಕೂ ಇದೇ ಅಳತೆ ಹಿಡಿಯಬೇಕು ಎಂದು ನನ್ನ ಮತ. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು. ರಾಶಿಯಾದ ಮೇಲೆ ಲೆಕ್ಕ ತೋರಿಸಿದರೋ ಇಲ್ಲವೋ?

ಮುಂಬಯಿ ದಾಳಿಯ ನಂತರ ಮೊದಲು ಕಂಡದ್ದು ರಾಜೀನಾಮೆಗಳು. ಕೇಂದ್ರ ಗೃಹ ಸಚಿವ ಶಿವರಾಜ ಪಾಟೀಲರು ಹೋದರು. ಮುಖ್ಯಮಂತ್ರಿ ವಿಲಾಸರಾವ್ ದೇಶಮುಖರು ಹೋದರು. ಉಪಮುಖ್ಯಮಂತ್ರಿ ಆರ್.ಆರ್. ಪಾಟೀಲರು ಹೋದರು. ಮೊದಲಿಬ್ಬರು ಲಾತೂರ ಜಿಲ್ಲೆಯವರು, ಮೂರನೆಯವರು ಜತ್ತದ ನೆರೆಯ ತಾಸಗಾಂವದವರು. ಒಟ್ಟಿನಲ್ಲಿ ಮೂವರೂ ನಮ್ಮ ಸೀಮೆಗೆ ಹತ್ತಿರದವರು, ನಮ್ಮ ಜಾತ್ರೆ, ಮದುವೆಗಳಲ್ಲಿ ಮುಖ ಕಂಡವರು. ಅವರು ಹೋದಾಗ ಕೆಲವರಿಗೆ ಸಮಾಧಾನವಾಯಿತು. ಆದರೆ ಮುಂದೇನಾಯಿತು ನೋಡಿ. ದೇಶಮುಖರು ಆರು ತಿಂಗಳೊಳಗೆ ಕೇಂದ್ರದಲ್ಲಿ ಸಚಿವರಾದರು. ಆರ್.ಆರ್. ಪಾಟೀಲರು ವರ್ಷ ತುಂಬುವುದರೊಳಗೆ ರಾಜ್ಯದ ಗೃಹ ಖಾತೆಗೇ ಮರಳಿದರು. ಶಿವರಾಜ ಪಾಟೀಲರು 2010ರಲ್ಲಿ ಪಂಜಾಬಿನ ರಾಜ್ಯಪಾಲರಾದರು. ಅವರು ಮರಳಿ ಬಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ರಾಜೀನಾಮೆ ಕೊಟ್ಟರೆ ಲೆಕ್ಕ ಕೊಟ್ಟಂತಾಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಬಾಂಬು ಸಿಡಿದಾಗ ಗೃಹ ಸಚಿವರು ಒಂದೇ ಸಂಜೆಗೆ ಎಷ್ಟು ಸಲ ಬಟ್ಟೆ ಬದಲಿಸಿದರು ಎಂದು ಟಿ.ವಿ.ಗಳು ಎಣಿಸಿದ್ದವು. ಅಂಗಿ ಎಣಿಸುವುದು ಸುಲಭದ ಕೆಲಸ.

ಎಣಿಸಬೇಕಾಗಿದ್ದು ಬೇರೆ ಇತ್ತು. ಸಮುದ್ರದಿಂದ ದಾಳಿಯಾಗಬಹುದು, ತಾಜ್‌ನಂಥ ಹೋಟೆಲುಗಳು ಗುರಿಯಾಗಬಹುದು ಎಂಬ ಸುಳಿವುಗಳು ಮೊದಲೇ ಬಂದಿದ್ದವು. ಅವು ಒಂದೊಂದು ಕಚೇರಿಯಲ್ಲಿ ಒಂದೊಂದು ಚೂರಾಗಿ ಬಿದ್ದಿದ್ದವು. ಎಲ್ಲ ಚೂರುಗಳನ್ನು ಕೂಡಿಸಿ ನೋಡುವವರಿರಲಿಲ್ಲ. ಇಂಥ ದಾಳಿಯನ್ನು ಎದುರಿಸುವ ಎನ್.ಎಸ್.ಜಿ. ಕಮಾಂಡೋಗಳ ನೆಲೆ ದಿಲ್ಲಿಯ ಹತ್ತಿರ, ಹರಿಯಾಣದ ಮಾನೇಸರದಲ್ಲಿ. ಅಲ್ಲಿಂದ ವಿಮಾನ ಸಿಕ್ಕಿ, ಮುಂಬಯಿಗೆ ಇಳಿದು, ಅವರು ಕೆಲಸ ಶುರು ಮಾಡುವಾಗ ಮರುದಿನ ಬೆಳಗಾಗಿತ್ತು. ಅಷ್ಟು ಹೊತ್ತು ಎದೆಗೊಟ್ಟು ನಿಂತವರು ಸಾಮಾನ್ಯ ಪೊಲೀಸರು. ಲಾಠಿ ಹಿಡಿದಿದ್ದ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ ಓಂಬಳೆ ಗುಂಡುಗಳನ್ನು ಮೈಯಲ್ಲಿ ತೆಗೆದುಕೊಂಡು ಕಸಾಬನ ಬಂದೂಕು ಬಿಡಲಿಲ್ಲ. ಅದರಿಂದಲೇ ಒಬ್ಬ ಜೀವಂತ ಸಿಕ್ಕಿದ. ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದ ಹುಡುಗ. 2009ರಲ್ಲಿ ಮುಂಬಯಿ, ಕೋಲ್ಕತಾ, ಚೆನ್ನೈ, ಹೈದರಾಬಾದುಗಳಲ್ಲಿ ಎನ್.ಎಸ್.ಜಿ. ನೆಲೆಗಳಾದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಗುವವರು ನಕ್ಕರು. ಆದರೆ ಆ ಬಾಗಿಲು ಬೇಕೇ ಇತ್ತು. ಆ ನಿರ್ಧಾರ ಸರಿ ಎಂದೇ ನಾನು ಬರೆದುಕೊಳ್ಳುತ್ತೇನೆ.

ಕಾನೂನಿನ ಮಾತು ಅಷ್ಟು ಸುಲಭವಲ್ಲ. ದಾಳಿ ಮುಗಿದು ಮೂರು ವಾರ ಆಗುವುದರೊಳಗೆ ಸಂಸತ್ತು ಎರಡು ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿತು. ಒಂದರಿಂದ ರಾಷ್ಟ್ರೀಯ ತನಿಖಾ ಸಂಸ್ಥೆ ಹುಟ್ಟಿತು. ಪೇಪರಿನಲ್ಲಿ ಎನ್.ಐ.ಎ. ಎಂದು ಓದುತ್ತೀರಲ್ಲ, ಅದೇ. ಇನ್ನೊಂದು, ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯನ್ನು, ಅಂದರೆ ಯು.ಎ.ಪಿ.ಎ.ಯನ್ನು, ಬಿಗಿ ಮಾಡಿತು. ಸಾಮಾನ್ಯ ಪ್ರಕರಣದಲ್ಲಿ ಪೊಲೀಸರು ಹೆಚ್ಚೆಂದರೆ ತೊಂಬತ್ತು ದಿನದಲ್ಲಿ ಚಾರ್ಜ್‌ಶೀಟು ಹಾಕಬೇಕು, ಇಲ್ಲದಿದ್ದರೆ ಜಾಮೀನು ಆರೋಪಿಯ ಹಕ್ಕು. ಇಲ್ಲಿ ಅದನ್ನು 180 ದಿನದವರೆಗೆ ಬೆಳೆಸಬಹುದು. ಆಮೇಲೂ, ಆರೋಪ ಮೇಲ್ನೋಟಕ್ಕೆ ನಿಜವೆಂದು ಕೋರ್ಟಿಗೆ ಕಂಡರೆ ಜಾಮೀನಿಲ್ಲ. ಇಂಥದೇ ಬಿಗಿಯ ಪೋಟಾ ಕಾಯಿದೆ ದುರುಪಯೋಗವಾಯಿತೆಂದು 2004ರಲ್ಲಿ ಅದನ್ನು ತೆಗೆದುಹಾಕಿದ ಸರಕಾರವೇ ನಾಲ್ಕು ವರ್ಷದ ನಂತರ ಅದರ ಕೆಲವು ಹಲ್ಲುಗಳನ್ನು ಇಲ್ಲಿ ಕೂಡಿಸಿತು. ತನಿಖೆಗೆ ದೇಶದ ಮಟ್ಟದ ಒಂದು ಸಂಸ್ಥೆ ಬೇಕು ಎಂಬುದನ್ನು ಬಹುಕಾಲದಿಂದ ಯೋಚಿಸಲಾಗಿತ್ತು, ಅದು ಹದ ನೋಡಿ ಬಿತ್ತಿದ ಬೀಜ. ಜಾಮೀನಿನ ಬಿಗಿ ಮಾತ್ರ ಸಿಟ್ಟಿನಲ್ಲಿ ಹಾಕಿದ ಗಂಟು. ಸಿಟ್ಟು ಇಳಿದರೂ ಗಂಟು ಇಳಿಯಲಿಲ್ಲ.

ಅವಸರಕ್ಕೆ ಬೆಲೆ ತೆರುವವರು ಯಾರು? ಅಪರಾಧಿ ಒಳಗೆ ಬಿದ್ದರೆ ನಮಗೇನು ಎಂದು ಕೇಳುವವರಿಗೆ ಮುಂಬಯಿಯದೇ ಇನ್ನೊಂದು ಪ್ರಕರಣ ಹೇಳುತ್ತೇನೆ. 2006ರ ಜುಲೈ 11ರ ಸಂಜೆ ಲೋಕಲ್ ಗಾಡಿಗಳಲ್ಲಿ ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಕೆಲಸ ಮುಗಿಸಿ ಮನೆಗೆ ಹೊರಟವರು ಅವರೆಲ್ಲ. ಕೆಲವು ತಿಂಗಳುಗಳಲ್ಲೇ ಆರೋಪಿಗಳ ಬಂಧನವಾಯಿತು. 2015ರಲ್ಲಿ ವಿಶೇಷ ಕೋರ್ಟು 12 ಮಂದಿಗೆ ಶಿಕ್ಷೆ ಕೊಟ್ಟಿತು, ಅದರಲ್ಲಿ ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು, ಆರೋಪ ಸಿದ್ಧವಾಗಿಲ್ಲ ಎಂದು ಹನ್ನೆರಡೂ ಜನರನ್ನು ದೋಷಮುಕ್ತ ಮಾಡಿತು. ಒಬ್ಬನು ಆ ಮೊದಲೇ ಜೈಲಿನಲ್ಲಿ ತೀರಿಕೊಂಡಿದ್ದ. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಬಿಡುಗಡೆಯಾದವರು ಮತ್ತೆ ಜೈಲಿಗೆ ಹೋಗಬೇಕಾಗಿಲ್ಲ, ಆದರೆ ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಆಧಾರ ಮಾಡಬಾರದು ಎಂದು ಆ ಕೋರ್ಟು ಹೇಳಿತು. ಹತ್ತೊಂಬತ್ತು ವರ್ಷ! ಒಳಗೆ ಕೂತವರ ಹತ್ತೊಂಬತ್ತು ವರ್ಷ ಒಂದು ಕಡೆ. ಗಾಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿ, ಹಾಗಾದರೆ ಕೊಂದವರು ಯಾರಪ್ಪಾ ಎಂದು ಕೇಳಿದರೆ ಉತ್ತರವಿಲ್ಲದೆ ನಿಂತದ್ದು ಇನ್ನೊಂದು ಕಡೆ.

ಇದಕ್ಕೆ ಎದುರಾಗಿ ಕಸಾಬನ ವಿಚಾರಣೆಯನ್ನು ಇಡುತ್ತೇನೆ. ಅವನನ್ನು ಅಂದೇ ನೇಣಿಗೆ ಹಾಕಿ ಎಂದವರು ನಮ್ಮ ಕಟ್ಟೆಯ ಮೇಲೂ ಇದ್ದರು. ಜೈಲಿನಲ್ಲಿ ಅವನಿಗೆ ಬಿರಿಯಾನಿ ಕೊಡುತ್ತಾರಂತೆ ಎಂಬ ಸುದ್ದಿ ಹಳ್ಳಿಹಳ್ಳಿ ಸುತ್ತಿತು. ಅದು ತಾನೇ ಕಟ್ಟಿದ ಮಾತು ಎಂದು ಸರಕಾರಿ ವಕೀಲರೇ ಮುಂದೆ 2015ರಲ್ಲಿ ಒಪ್ಪಿಕೊಂಡರು. ಕೋರ್ಟು ಅವನಿಗೆ ವಕೀಲರನ್ನು ಕೊಟ್ಟಿತು, ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿತು, 2010ರ ಮೇ ತಿಂಗಳಲ್ಲಿ ಗಲ್ಲು ಶಿಕ್ಷೆ ವಿಧಿಸಿತು. ಅದೇ ಕೋರ್ಟು, ದಾಳಿಕೋರರಿಗೆ ನಕ್ಷೆ ಬರೆದುಕೊಟ್ಟರೆಂದು ಹಿಡಿದಿದ್ದ ಇಬ್ಬರು ಭಾರತೀಯರನ್ನು ಪುರಾವೆ ಸಾಲದೆಂದು ಖುಲಾಸೆ ಮಾಡಿತು. ಮೇಲಿನ ಕೋರ್ಟುಗಳೂ ಅದನ್ನೇ ಎತ್ತಿಹಿಡಿದವು. ಆ ರಾತ್ರಿಯ ಸಿಟ್ಟಿನ ನಡುವೆಯೂ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ನೋಡಿದ್ದರಿಂದಲೇ ಆ ಗಲ್ಲಿನ ತೀರ್ಪಿಗೆ ಲೋಕದೆದುರು ಬೆಲೆ ಬಂತು. 2012ರ ನವೆಂಬರ್ 21ರಂದು ಪುಣೆಯ ಯರವಡಾ ಜೈಲಿನಲ್ಲಿ ಅದು ಜಾರಿಯಾದಾಗ ಕೇಂದ್ರದ ಗೃಹ ಸಚಿವರು ನಮ್ಮ ಸೊಲ್ಲಾಪುರದ ಸುಶೀಲಕುಮಾರ ಶಿಂದೆಯವರು. ರಾಜ್ಯದಲ್ಲಿ ಅದೇ ಆರ್.ಆರ್. ಪಾಟೀಲರು.

ಇನ್ನು ಎಲ್ಲಕ್ಕಿಂತ ಬಿಸಿಯಾದ ಪ್ರಶ್ನೆ. 2008ರಲ್ಲಿ ಭಾರತ ಪಾಕಿಸ್ತಾನದ ಮೇಲೆ ತಿರುಗಿ ಹೊಡೆಯಲಿಲ್ಲ. ಅದು ಹೇಡಿತನವೋ ವಿವೇಕವೋ? ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಶಿವಶಂಕರ ಮೆನನ್ 2016ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಬಿಚ್ಚಿಟ್ಟಿದ್ದಾರೆ. ತಕ್ಷಣ ಹೊಡೆಯಬೇಕು ಎಂದೇ ಅವರು ಆಗ ಸಲಹೆ ಕೊಟ್ಟಿದ್ದರು. ಹೊಡೆಯದೆ ಇದ್ದದ್ದೇ ಸರಿಯಾಯಿತು ಎಂದು ಆಮೇಲೆ ಅವರಿಗೆ ಅನಿಸಿತು. ಹೊಡೆದಿದ್ದರೆ ಲೋಕ ಇದನ್ನು ಎರಡು ದೇಶಗಳ ಜಗಳವೆಂದು ನೋಡುತ್ತಿತ್ತು, ಪಾಕಿಸ್ತಾನ ತನ್ನ ಸೈನ್ಯದ ಹಿಂದೆ ಒಂದಾಗುತ್ತಿತ್ತು ಎಂಬುದು ಅವರ ವಾದ. ಹೊಡೆಯದೆ ಇದ್ದದ್ದಕ್ಕೆ ಫಲವೂ ಬಂತು. ಕಸಾಬ್ ತನ್ನವನೇ ಎಂದು ಪಾಕಿಸ್ತಾನ 2009ರ ಜನವರಿಯಲ್ಲಿ ಒಪ್ಪಬೇಕಾಯಿತು. ಬೆಲೆಯೂ ಬಂತು. ಸಂಚಿನ ರೂವಾರಿಯೆಂದು ಅಲ್ಲಿ ಬಂಧಿಸಿದ್ದ ಲಖ್ವಿ 2015ರಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ.

ಮುಂದಿನ ಸರಕಾರ ಬೇರೆ ದಾರಿ ಹಿಡಿಯಿತು. 2016ರಲ್ಲಿ ಉರಿಯ ಸೈನಿಕ ಶಿಬಿರದ ಮೇಲೆ ದಾಳಿಯಾದಾಗ ಗಡಿ ನಿಯಂತ್ರಣ ರೇಖೆ ದಾಟಿ ಹೊಡೆಯಿತು. 2019ರಲ್ಲಿ ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಜನ ಸತ್ತಾಗ ವಿಮಾನಗಳು ಬಾಲಾಕೋಟಿಗೆ ಹೋದವು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು, ಸತ್ತವರಲ್ಲಿ ಮಹಾರಾಷ್ಟ್ರದವರೂ ಇದ್ದರು, ಕರ್ನಾಟಕದವರೂ ಇದ್ದರು. ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯಿತು, ಮೇ 10ರಂದು ಗುಂಡು ನಿಂತಿತು. ಹೊಡೆಯುವುದರಿಂದ ಮುಂದಿನ ದಾಳಿ ನಿಲ್ಲುತ್ತದೆಯೋ ಎಂದರೆ, ಬಾಲಾಕೋಟಿನ ಆಮೇಲೂ ಪಹಲ್ಗಾಮ್ ಆಯಿತು. ಹೊಡೆಯದಿದ್ದರೆ ನಿಲ್ಲುತ್ತದೆಯೋ ಎಂದರೆ, ಮುಂಬಯಿಯ ಆಮೇಲೂ ಉರಿ ಆಯಿತು. ರಾಶಿ ನೋಡಿ ತೀರ್ಮಾನ ಮಾಡುವವರಿಗೆ ಎರಡು ಕಡೆಯೂ ರಾಶಿ ಸಿಗುತ್ತದೆ.

ನಮ್ಮ ಗಡಿ ಎಂದರೆ ಬಸ್ಸಿನ ಬೋರ್ಡಿನ ಅಕ್ಷರ ಬದಲಾಗುವ ಜಾಗ. ಅದನ್ನು ದಾಟಿ ನಾವು ಸಂತೆಗೆ ಹೋಗಿ ಸಂಜೆಗೆ ಬರುತ್ತೇವೆ. ಪೂಂಛದವರ ಗಡಿ ಹಾಗಲ್ಲ. ಆ ಮೇ ತಿಂಗಳ ನಾಲ್ಕು ದಿನ ಆಚೆಯ ಫಿರಂಗಿಯ ಗುಂಡುಗಳು ಬಿದ್ದದ್ದು ಅವರ ಮನೆಗಳ ಮೇಲೆ, ಸತ್ತವರಲ್ಲಿ ಮಕ್ಕಳೂ ಇದ್ದರು. ಹೊಡೆಯಿರಿ ಎಂದು ಇಲ್ಲಿ ಕೂತು ಕೂಗುವಾಗ ಆ ಊರಿನ ಲೆಕ್ಕವನ್ನೂ ತಕ್ಕಡಿಗೆ ಹಾಕಬೇಕು. ಹಾಕಿದ ಮೇಲೂ ಹೊಡೆಯುವುದೇ ಸರಿ ಎಂದು ನಿಮಗೆ ಅನ್ನಿಸಿದರೆ ಅದು ತೂಗಿ ಹೇಳಿದ ಮಾತು. ಅದಕ್ಕೆ ನನ್ನ ತಕರಾರಿಲ್ಲ.

ಸರಕಾರ ಎಲ್ಲವನ್ನೂ ಹೇಳಲಾಗದು, ನಿಜ. ಯುದ್ಧದ ದಿನ ಯಾವ ವಿಮಾನ ಎಲ್ಲಿದೆ ಎಂದು ರೇಡಿಯೋದಲ್ಲಿ ಸಾರಲು ಬರುವುದಿಲ್ಲ. ಆದರೆ ಗುಟ್ಟಿಗೂ ಒಂದು ಅವಧಿ ಇರಬೇಕು. ಬಾಲಾಕೋಟಿನ ಮರುದಿನ, 2019ರ ಫೆಬ್ರವರಿ 27ರಂದು, ಬಡಗಾಮಿನಲ್ಲಿ ನಮ್ಮ ವಾಯುಪಡೆಯ ಹೆಲಿಕಾಪ್ಟರೊಂದು ಬಿದ್ದು ಆರು ಜನ ಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದನ್ನು ಕೆಡವಿದ್ದು ನಮ್ಮದೇ ಕ್ಷಿಪಣಿ, ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರಿನಲ್ಲಿ. ಒಪ್ಪಿಕೊಂಡರಲ್ಲ ಎಂಬುದು ಮೆಚ್ಚುವ ಮಾತೇ. ಆದರೆ ನಡುವೆ ಲೋಕಸಭಾ ಚುನಾವಣೆ ಆಗಿಹೋಗಿತ್ತು. ಓಟು ಹಾಕಿದ ನಿಮ್ಮ ಕೈಗೆ ಆ ಚೀಟಿ ಬಂದಿರಲಿಲ್ಲ.

ಲೆಕ್ಕ ತೋರಿಸಲು ಬರುವುದೇ ಇಲ್ಲ ಎನ್ನುವಂತಿಲ್ಲ. 1999ರ ಕಾರ್ಗಿಲ್ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಸರಕಾರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಗುಟ್ಟಿನ ಭಾಗಗಳನ್ನು ತೆಗೆದು, ಉಳಿದ ವರದಿಯನ್ನು 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಇಟ್ಟಿತು. ಅದು ಪುಸ್ತಕವಾಗಿ ಅಂಗಡಿಯಲ್ಲಿ ಸಿಗುತ್ತಿತ್ತು. ಮುಂಬಯಿ ದಾಳಿಯ ಬಗ್ಗೆ ಮಹಾರಾಷ್ಟ್ರ ಸರಕಾರ ರಾಮ ಪ್ರಧಾನ್ ಅವರ ನೇತೃತ್ವದಲ್ಲಿ ಇಬ್ಬರು ಸದಸ್ಯರ ಸಮಿತಿ ಮಾಡಿತು. ಅದಕ್ಕೆ ನೋಡಲು ಕೊಟ್ಟದ್ದು ರಾಜ್ಯದ ಪೊಲೀಸರ ಕೆಲಸವನ್ನಷ್ಟೇ. ಸುಳಿವುಗಳು ದಿಲ್ಲಿಯಿಂದ ಹೇಗೆ ಬಂದವು, ಕಡಲಿನ ಮೇಲೆ ಯಾರು ನಿದ್ದೆ ಹೋಗಿದ್ದರು, ವಿಮಾನ ಯಾಕೆ ತಡವಾಯಿತು ಎಂದು ದಿಲ್ಲಿಯವರನ್ನೇ ಕೂರಿಸಿ ಕೇಳುವ ಅಂಥ ರಾಷ್ಟ್ರೀಯ ಸಮಿತಿಯನ್ನು ಅಂದಿನ ಸರಕಾರವೂ ಮಾಡಲಿಲ್ಲ, ಆಮೇಲೆ ಬಂದದ್ದೂ ಮಾಡಲಿಲ್ಲ.