ಎಂಟು ದೀಪ ಉರಿದರೆ ಸಾಲದು

ನೆಟ್‌ವರ್ಕ್ ಕೇಬಲ್ ಕೆಲಸ ಕಲಿಸುವ ಬೆಂಗಳೂರಿನ ಈ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರುಗಳಿಗಿಂತ ಗೋಡೆಗಳಿಗೇ ಕೆಲಸ ಹೆಚ್ಚು. ದೊಡ್ಡ ಹಾಲಿನೊಳಗೆ ಪ್ಲೈವುಡ್ಡಿನ ಅಡ್ಡಗೋಡೆಗಳು. ಅವುಗಳ ತುಂಬ ಡ್ರಿಲ್ಲಿನ ತೂತು, ಪಿವಿಸಿ ಪೈಪು, ಕೇಬಲ್ ಸಿಕ್ಕಿಸುವ ಐಒ ಬಾಕ್ಸು. ಒಂದು ತಂಡ ಎಳೆದ ಕೇಬಲ್ಲನ್ನು ಕಿತ್ತು ಮುಂದಿನ ತಂಡ ಹೊಸದಾಗಿ ಎಳೆಯುತ್ತದೆ.

ಬಾಗಿಲ ಪಕ್ಕದ ಬೆಂಚು ಹೊಸಬರದು. ಕೇಬಲ್ಲಿನ ಹೊರಸಿಪ್ಪೆ ಸುಲಿದರೆ ಹೊಸೆದ ನಾಲ್ಕು ಜೋಡಿ ತಂತಿ: ಕಿತ್ತಳೆ, ಹಸಿರು, ನೀಲಿ, ಕಂದು. ಒಂದೊಂದಕ್ಕೂ ಬಿಳಿ ಪಟ್ಟೆಯ ಜೊತೆಗಾರ. ಬಿಡಿಸಿ, ನೇರ ಮಾಡಿ, ಆರ್‌ಜೆ45 ಕನೆಕ್ಟರಿಗೆ ತೂರಿಸಿ ಕ್ರಿಂಪಿಂಗ್ ಟೂಲ್ ಒತ್ತಬೇಕು. ಒಬ್ಬ ಹುಡುಗ ಎರಡೂ ತುದಿಯಲ್ಲಿ ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿ ಕೂರಿಸಿದ್ದಾನೆ. ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪಗಳು ಚಕಚಕನೆ ಉರಿದವು. ‘ಸರ್, ಪಾಸ್!’ ಎಂದ. ಮೇಷ್ಟ್ರು ಅದೇ ಕೇಬಲ್ಲನ್ನು ಗುಣಮಟ್ಟ ಅಳೆಯುವ ದೊಡ್ಡ ಸರ್ಟಿಫೈಯರಿಗೆ ಹಾಕಿದರು. ಫೇಲ್. ‘ದೀಪ ಉರೀತು ಅಂದ್ರೆ ತಂತಿ ತುಂಡಾಗಿಲ್ಲ ಅಂತ ಅಷ್ಟೇ ಕಣಪ್ಪಾ’ ಎಂದರು.

ಗುಟ್ಟು ಇರುವುದು ಹೊಸೆತದಲ್ಲಿ. ಎರಡು ತಂತಿಗಳನ್ನು ಹೊಸೆದರೆ ಅಕ್ಕಪಕ್ಕದಿಂದ ಬರುವ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ಆಚೆ ತುದಿಯ ಯಂತ್ರ ಅದನ್ನು ಕಳೆದುಹಾಕುತ್ತದೆ. ಟೆಲಿಫೋನ್ ಕಾಲದ ಈ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಕನೆಕ್ಟರಿನಲ್ಲಿ 3 ಮತ್ತು 6ನೇ ಪಿನ್ನುಗಳು ಒಂದೇ ಜೋಡಿ. ಹುಡುಗನ ಸಾಲಿನಲ್ಲಿ ಮೂರನೆಯದು ಹಸಿರು ಜೋಡಿಯ ತಂತಿ, ಆರನೆಯದು ನೀಲಿಯದು; ಇವೆರಡೂ ಒಟ್ಟಿಗೆ ಹೊಸೆದವಲ್ಲ. 3 ಮತ್ತು 6 ಒಂದೇ ಜೋಡಿ ಆಗಿರುವುದರಿಂದಲೇ, ಬಣ್ಣಗಳ ಕ್ರಮ ತೋರಿಸುವ ಗೋಡೆಯ ಮೇಲಿನ ‘568ಬಿ’ ಚಾರ್ಟಿನಲ್ಲಿ ಹಸಿರು ಜೋಡಿ ನೀಲಿಯ ಎರಡೂ ಬದಿಗೆ ನಿಂತಿದೆ.

ಮುಂದೆ ಅಡ್ಡಗೋಡೆಗಳ ಸಾಲು. ರ‍್ಯಾಕಿನ ಪ್ಯಾಚ್ ಪ್ಯಾನೆಲಿನಿಂದ ಐಒ ಬಾಕ್ಸಿನವರೆಗೆ 90 ಮೀಟರ್, ಎರಡು ತುದಿಯ ಪ್ಯಾಚ್ ಕಾರ್ಡ್ ಸೇರಿ 100 ಮೀಟರ್: ಇದು ತಾಮ್ರದ ಲಕ್ಷ್ಮಣರೇಖೆ. ತಂತಿಗಳನ್ನು ಬಾಕ್ಸಿಗೆ ಒತ್ತಿ ಕೂರಿಸುವಾಗ (ಪಂಚ್ ಮಾಡುವಾಗ) ಹೊಸೆತ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯುವಂತಿಲ್ಲ. ಅದನ್ನು ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಬೇಕು. ಕೇಬಲ್ ಟೈ ಬಿಗಿದು ಜಜ್ಜಿದರೂ ಹಾಳೇ.

ಒಳಗಿನ ಫೈಬರ್ ಕೋಣೆಯಲ್ಲಿ ಸೆಖೆ ಇದ್ದರೂ ಫ್ಯಾನ್ ಹಾಕಿಲ್ಲ. ಹಾಕಿದರೆ ಧೂಳೂ ಗಾಜಿನ ಚೂರೂ ಹಾರುತ್ತವೆ. ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಬೆಳಕು ಹರಿಯುವುದು ಅದರ ನಡುವಿನ ಸುಮಾರು 9 ಮೈಕ್ರಾನಿನಲ್ಲಿ. ಲೇಪನ ಸುಲಿದು, ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರಿನಲ್ಲಿ ತುದಿಯನ್ನು ಸಮನಾಗಿ ಮುರಿದು ಸ್ಪ್ಲೈಸಿಂಗ್ ಮಷಿನ್ನಿಗಿಟ್ಟರೆ, ವಿದ್ಯುತ್ ಕಿಡಿ ಎರಡು ತುದಿಗಳನ್ನು ಕರಗಿಸಿ ಬೆಸೆಯುತ್ತದೆ. ಇಲ್ಲೂ ಪರದೆ ಹೇಳುವುದು ಅಂದಾಜು ನಷ್ಟ ಮಾತ್ರ. ನಿಜ ತಿಳಿಯಲು ಓಟಿಡಿಆರ್ ಬೇಕು: ಬೆಳಕಿನ ಮಿಡಿತ ಕಳಿಸಿ, ಮರಳಿ ಬಂದದ್ದನ್ನು ಅಳೆದು, ಎಷ್ಟನೇ ಮೀಟರಿನಲ್ಲಿ ಪೆಟ್ಟಾಗಿದೆ ಎಂದು ಅದು ತೋರಿಸುತ್ತದೆ. ಮೇಜಿನ ಚೂರುಗಳನ್ನು ಕೈಯಲ್ಲಿ ಗುಡಿಸಬಾರದು, ಫೈಬರಿನ ತುದಿಗೆ ಕಣ್ಣಿಡಬಾರದು. 1310, 1550 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಕೆಡಿಸಬಲ್ಲದು.

ಹಿತ್ತಲಲ್ಲಿ ಕಂಬ ಹತ್ತುವ ಅಭ್ಯಾಸಕ್ಕೆ ಕಂಬ, ಏಣಿ, ಹೆಲ್ಮೆಟ್, ಸೇಫ್ಟಿ ಬೆಲ್ಟ್. ಬೆಲ್ಟ್ ಕಟ್ಟದವರಿಗೆ ಏಣಿ ಕೊಡುವುದಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಗಳಲ್ಲಿ ಒಂದು ವರ್ಷದ ‘ಕಂಪ್ಯೂಟರ್ ಹಾರ್ಡ್‌ವೇರ್ ಅಂಡ್ ನೆಟ್‌ವರ್ಕ್ ಮೇಂಟೆನೆನ್ಸ್’ ಟ್ರೇಡ್ ಇದೆ. ಫೈಬರ್ ಸ್ಪ್ಲೈಸರ್ ಕೆಲಸಕ್ಕೆ ಬೇರೆ ಅಲ್ಪಾವಧಿ ಕೋರ್ಸುಗಳಿವೆ. ಭಾರತ್‌ನೆಟ್ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ದಿರುವುದರಿಂದ ಈ ಕೆಲಸ ಪಟ್ಟಣಕ್ಕಷ್ಟೇ ಸೀಮಿತವಲ್ಲ. ಕೋರ್ಸ್ ಹುಡುಕುವವರು ಫೀಸಿಗಿಂತ ಮೊದಲು ಒಂದು ಪ್ರಶ್ನೆ ಕೇಳಲಿ: ಸರ್ಟಿಫೈಯರ್, ಓಟಿಡಿಆರ್ ನಮ್ಮ ಕೈಗೆ ಕೊಡುತ್ತೀರಾ? ಅಳೆಯಲು ಕಲಿಸದ ಕಡೆ ಕಲಿತವರು ಕೇಬಲ್ ಎಳೆಯುತ್ತಾರೆ; ಕೆಟ್ಟಾಗ ಇನ್ನೊಬ್ಬರನ್ನು ಕರೆಯುತ್ತಾರೆ.